ಬಾತ್‌ಟಬ್ಬಿನಲ್ಲಿ ಐಸು

ಗಲ್ಫಿನಲ್ಲಿ, ಕರಾಮಾದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲಿನ ಖಾನೆ ಯಾರದು ಎಂಬ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತಂತೆ. ಮಮ್ಮಿಯ ಪ್ರಕಾರ ಅದು ತುರಿದ ತೆಂಗಿನಕಾಯಿ, ಅರೆದ ಮಸಾಲೆ, ಊರಿನಿಂದ ಬಂದವರು ತಂದುಕೊಟ್ಟ ಒಣಸಿಗಡಿ ಇಡುವ ಜಾಗ. ಪಪ್ಪಾನ ಪ್ರಕಾರ ಅದು ಐಸಿನ ಜಾಗ. ಶನಿವಾರದಿಂದ ಅವರು ಖಾಲಿ ಮಜ್ಜಿಗೆ ಬಾಟಲಿಗಳನ್ನೂ ನೀರಿನ ಸಣ್ಣ ಬಾಟಲಿಗಳನ್ನೂ ತೊಳೆದು, ಕುತ್ತಿಗೆಗಿಂತ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿ, ಒಂದೊಂದು ಚಮಚ ಉಪ್ಪು ಹಾಕಿ, ಆ ಖಾನೆಯಲ್ಲಿ ಒಂದರ ಪಕ್ಕ ಒಂದರಂತೆ ಮಲಗಿಸುತ್ತ ಬರುತ್ತಿದ್ದರು. ಬುಧವಾರದ ಹೊತ್ತಿಗೆ ತೆಂಗಿನತುರಿಯ ಡಬ್ಬ ಕೆಳಗಿನ ಖಾನೆಗೆ ಇಳಿದಿರುತ್ತಿತ್ತು. ಗುರುವಾರ ಮಸಾಲೆಯೂ ಅದರ ಹಿಂದೆ ಇಳಿಯುತ್ತಿತ್ತು. ಸಾರಿಗೆ ಒಂಚೂರು ಕಮಟು ವಾಸನೆ ಬಂದರೂ ಮಮ್ಮಿ ತಟ್ಟೆಯನ್ನು ಪಪ್ಪಾನ ಮುಂದಿಟ್ಟು, ಇದು ನಿಮ್ಮ ಸಮುದ್ರದ ವಾಸನೆ, ಊಟ ಮಾಡಿ ಎನ್ನುತ್ತಿದ್ದರು. ಪಪ್ಪಾ ಚೂರೂ ಬಿಡದೆ ಊಟ ಮಾಡುತ್ತಿದ್ದರು.

ಮೂರನೆಯ ಮಹಡಿಯ ಆ ಮನೆಗೆ ಒಂದು ಹಾಲು, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಒಂದು ಅಡುಗೆಮನೆ. ಹಾಲಿನಲ್ಲಿ ಅಲ್ತಾರಿನ, ಎಂದರೆ ದೇವರ ಪೀಠದ, ಕೆಳಗೆ ಮಡಚುವ ಹಾಸಿಗೆ ಹಾಕಿ ನಾನು ಮಲಗುತ್ತಿದ್ದೆ. ಮನೆಗೆ ಹೋಲಿಸಿದರೆ ಬಚ್ಚಲು ದೊಡ್ಡದು. ಅಲ್ಲಿ ಮಾಸಲು ಹಸಿರು ಬಣ್ಣದ ಒಂದು ಬಾತ್‌ಟಬ್ಬು ಇತ್ತು. ಅದರಲ್ಲಿ ಮಲಗಿ ಸ್ನಾನ ಮಾಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ; ಬಕೆಟ್ಟು, ಚೊಂಬು ಇಟ್ಟುಕೊಂಡು ಅದರೊಳಗೆ ನಿಂತು ಮೈಗೆ ನೀರು ಹೊಯ್ದುಕೊಳ್ಳುವುದು ನಮ್ಮ ಪದ್ಧತಿ. ಟಬ್ಬಿನ ತೂತು ಮುಚ್ಚುವ ರಬ್ಬರಿನ ಬೂಚು ಯಾವಾಗಲೋ ಕಳೆದುಹೋಗಿ, ಅದನ್ನು ಕಟ್ಟಿದ್ದ ಸರಪಳಿ ಮಾತ್ರ ನಲ್ಲಿಯ ಬುಡದಲ್ಲಿ ನೇತಾಡುತ್ತಿತ್ತು. ಬೇಸಗೆಯಲ್ಲಿ ಆ ನಲ್ಲಿಯಿಂದ ತಣ್ಣೀರು ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಅದೇ ಕಾರಣ. ತಾರಸಿಯ ಟ್ಯಾಂಕು ಇಡೀ ದಿನ ಬಿಸಿಲು ಕುಡಿದು, ಸಂಜೆ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಬರುತ್ತಿತ್ತು. ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಸಂಜೆಗೆ ಉಗುರುಬೆಚ್ಚಗೆ. ತಣ್ಣೀರಿನ ಸ್ನಾನವೆಂದರೆ ನನಗೆ ಊರಿಗೆ ಹೋದಾಗ ಬಾವಿಕಟ್ಟೆಯಲ್ಲಿ ಸಿಗುವ ವಸ್ತು.

ಪಪ್ಪಾ ದೇರಾದಲ್ಲಿ ದೋಣಿಯ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹಗ್ಗ, ಲಂಗರು, ಗಾಳ, ಲೈಫ್ ಜಾಕೆಟ್ಟು, ಎಂಜಿನ್ನಿನ ಬಿಡಿಭಾಗ, ಐಸಿನ ಪೆಟ್ಟಿಗೆ. ಗಿರಾಕಿಗಳು ಸಾಮಾನಿಗೆ ಎಷ್ಟು ಬರುತ್ತಿದ್ದರೋ ಅವರ ಮಾತು ಕೇಳಲಿಕ್ಕೂ ಅಷ್ಟೇ ಬರುತ್ತಿದ್ದರು. ಶಾಲೆಗೆ ರಜೆ ಇದ್ದ ದಿನ ನಾನು ಹಗ್ಗದ ಸುರುಳಿಯ ಮೇಲೆ ಕೂತು ಕೇಳುತ್ತಿದ್ದೆ. ಹೊಸಬರು ಬಂದು ದುಬಾರಿ ಗಾಳದ ಕೋಲು ಕೇಳಿದರೆ ಪಪ್ಪಾ ಮೊದಲು ಪೆಟ್ಟಿಗೆ ತೋರಿಸುತ್ತಿದ್ದರು. ಮೀನು ಹಿಡಿಯುವುದು ಅರ್ಧ ಕೆಲಸ, ಈ ಬಿಸಿಲಿನಲ್ಲಿ ಅದನ್ನು ಮನೆಗೆ ಮುಟ್ಟಿಸುವುದು ಇನ್ನರ್ಧ ಎನ್ನುತ್ತಿದ್ದರು. ಮೀನಿನಷ್ಟೇ ತೂಕದ ಐಸು ಬೇಕು. ಅಡಿಯಲ್ಲಿ ಉಪ್ಪುನೀರಿನ ಬಾಟಲಿ, ಅದರ ಮೇಲೆ ಒಡೆದ ಐಸು, ಆಮೇಲೆ ಕರುಳು ತೆಗೆದ ಮೀನು, ಮೀನಿನ ಹೊಟ್ಟೆಯೊಳಗೂ ಒಂದು ಹಿಡಿ ಐಸು. ಕುಡಿಯುವ ನೀರಿಗೆ ಬೇರೆ ಪೆಟ್ಟಿಗೆ, ಯಾಕೆಂದರೆ ಬಾಯಾರಿದವರು ಗಳಿಗೆಗೊಮ್ಮೆ ಮುಚ್ಚಳ ತೆಗೆಯುತ್ತಾರೆ. ಲಂಗರಿನ ಹಗ್ಗ ನೀರಿನ ಆಳದ ಮೂರು ಪಟ್ಟಾದರೂ ಇರಬೇಕು. ಜಾಕೆಟ್ಟು ಮೈಮೇಲಿರಬೇಕು, ಸೀಟಿನ ಕೆಳಗಲ್ಲ. ವಾಪಸ್ಸು ಬಂದ ಮೇಲೆ ಎಂಜಿನ್ನಿಗೆ ಸಿಹಿನೀರು ಕುಡಿಸಿಯೇ ನೀವು ಚಹಾ ಕುಡಿಯಿರಿ. ಎಲ್ಲವನ್ನೂ ಅವರು ಒಂದೇ ದನಿಯಲ್ಲಿ, ಯಾರನ್ನೂ ಹೆದರಿಸದೆ ಹೇಳುತ್ತಿದ್ದರು. ಅಂಗಡಿಗೆ ಯಾವುದೋ ಚಳಿದೇಶದ ಕಂಪನಿಯಿಂದ ಒಂದು ಕ್ಯಾಟಲಾಗ್ ಬರುತ್ತಿತ್ತು. ಅದರಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ದಪ್ಪ ಕೋಟು ಹಾಕಿದ ಗಂಡಸರು ಸ್ಟೂಲಿನ ಮೇಲೆ ಕೂತು, ಐಸಿನಲ್ಲಿ ದುಂಡಗೆ ತೂತು ಕೊರೆದು, ಆ ತೂತಿನೊಳಗೆ ಗಾಳ ಬಿಟ್ಟಿದ್ದರು. ಪಪ್ಪಾ ಅದನ್ನು ಮನೆಗೆ ತಂದು ತೋರಿಸಿದಾಗ ಮಮ್ಮಿ, ಪಾಪ, ಅವರ ಹೆಂಡತಿಯರಿಗೆ ಫ್ರಿಜ್ಜಿನ ಜಗಳವೇ ಇಲ್ಲ ಎಂದು ನಕ್ಕರು. ನಾನು ಆ ಪುಟವನ್ನು ಹರಿದು ಬಚ್ಚಲಿನ ಬಾಗಿಲಿಗೆ ಅಂಟಿಸಿದೆ.

ಅಂಗಡಿಯ ಮಾಲೀಕರನ್ನು ಎಲ್ಲರೂ ಅರ್ಬಾಬ್ ಎಂದೇ ಕರೆಯುತ್ತಿದ್ದರು. ವಯಸ್ಸಾದ ಅರಬ್ಬರು. ಅವರದೊಂದು ಹದಿನೆಂಟು ಅಡಿಯ ಫೈಬರ್ ದೋಣಿ ಜುಮೇರಾದ ಅವರ ಮನೆಯಂಗಳದಲ್ಲಿ, ಟ್ರೇಲರಿನ ಮೇಲೆ ನಿಂತಿರುತ್ತಿತ್ತು. ಮೊಣಕಾಲು ನೋವು ಬಂದ ಮೇಲೆ ಅವರು ಸಮುದ್ರಕ್ಕಿಳಿಯುವುದನ್ನು ಬಿಟ್ಟು, ಕಾಗದಪತ್ರವನ್ನೆಲ್ಲ ಸರಿಮಾಡಿಸಿ, ಶುಕ್ರವಾರಗಳಂದು ದೋಣಿಯ ಕೀಲಿಯನ್ನು ಪಪ್ಪಾನಿಗೆ ಕೊಡುತ್ತಿದ್ದರು. ತಮ್ಮ ಹತ್ತಿರ ಕೆಲಸಕ್ಕಿದ್ದವನಿಗೆ ಅರಬ್ಬರೊಬ್ಬರು ದೋಣಿಯ ಕೀಲಿ ಕೊಡುವುದು ಎಷ್ಟು ದೊಡ್ಡ ಮಾತು ಎಂದು ನನಗೆ ಆಗ ತಿಳಿದಿರಲಿಲ್ಲ. ಆ ಕೀಲಿಯನ್ನು ಪಪ್ಪಾ ಬೇರೆ ಕೀಲಿಗಳ ಜೊತೆ ಇಡದೆ ಅಲ್ತಾರಿನ ಮೇಲೆ ಇಡುತ್ತಿದ್ದುದು ಮಾತ್ರ ನೆನಪಿದೆ. ಪಪ್ಪಾನ ಜೊತೆ ಹೋಗುತ್ತಿದ್ದವರು ಹಮೀದಾಕ. ನಮ್ಮ ಕಟ್ಟಡದ ಕೆಳಗೆ ಅವರ ಗ್ರೋಸರಿ ಅಂಗಡಿ. ಅವರು ಉಳ್ಳಾಲದ ಬ್ಯಾರಿ, ಪಪ್ಪಾ ಕುಂದಾಪುರದ ಕಡೆಯ ಕ್ರಿಶ್ಚನ್. ಹಮೀದಾಕನಿಗೆ ನಮ್ಮ ಕೊಂಕಣಿ ಬಾರದು, ಪಪ್ಪಾನಿಗೆ ತುಳು ಬಾರದು. ಹಾಗಾಗಿ ಅವರ ಗೆಳೆತನ ನಡೆದದ್ದು ಕನ್ನಡದಲ್ಲಿ. ನಾನು ಕನ್ನಡ ಕಲಿತದ್ದೂ ಆ ದೋಣಿಯಲ್ಲೇ. ನಮ್ಮ ಕಡೆ ಕ್ರಿಶ್ಚನ್ನರನ್ನು ಕರೆಯುವಂತೆ ಪಪ್ಪಾನನ್ನು ಹಮೀದಾಕ ಪೊರ್ಬುಗಳೇ ಎಂದು ಕರೆದರೆ, ಪಪ್ಪಾ ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ.

ಮಮ್ಮಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಯಾವುದೇ ಇರಲಿ, ಅವರು ಮನೆಯಲ್ಲಿದ್ದ ಸಂಜೆ ತೇರ್ಸ್ ತಪ್ಪುತ್ತಿರಲಿಲ್ಲ. ಜಪಸರದ ಈ ಪ್ರಾರ್ಥನೆಯಲ್ಲಿ ಒಬ್ಬರು ಅರ್ಧ ಹೇಳುತ್ತಾರೆ, ಉಳಿದವರು ಇನ್ನರ್ಧ ಹೇಳಿ ಮುಗಿಸುತ್ತಾರೆ. ಕೊನೆಯಲ್ಲಿ ಮಾತೆ ಮರಿಯಳ ಒಂದೊಂದೇ ಬಿರುದನ್ನು ಕೂಗಿ ಕರೆದಾಗ, ನಮಗಾಗಿ ವಿನಂತಿಸು ಎಂಬ ಒಂದೇ ಉತ್ತರ ಕೊಡಬೇಕು. ಮಂಡಿಯೂರಿ ಅರ್ಧ ಗಂಟೆಯಾಗಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಒಳಗಿನಿಂದ ಸಾರಿನ ಪರಿಮಳ ಬರುತ್ತಿರುತ್ತದೆ. ಬಾಯಿ ಮಾತ್ರ ಒಂದು ಸಲವೂ ತಪ್ಪದೆ ಉತ್ತರ ಕೊಡುತ್ತದೆ. ಪಪ್ಪಾ ಚೆನ್ನಾಗಿ ನಡೆಸುತ್ತಿದ್ದರು. ದೋಣಿ ನೀರಿಗಿಳಿಸುವ ಮೊದಲು ಸಾಮಾನಿನ ಪಟ್ಟಿ ಕೂಗುವುದನ್ನು ಅವರು ಯಾವಾಗ ಶುರುಮಾಡಿದರೋ ಗೊತ್ತಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅದಕ್ಕೆ ತೇರ್ಸಿನ ಧಾಟಿಯೇ ಬಂದುಬಿಟ್ಟಿತ್ತು. ಅವರು ದೋಣಿಯ ಹಿಂದೆ ನಿಂತು ಕೂಗುತ್ತಿದ್ದರು, ನಾವು ಉತ್ತರ ಕೊಡುತ್ತಿದ್ದೆವು. ಲಂಗರು. ಉಂಟು. ಹಗ್ಗ. ಉಂಟು. ನೀರೆತ್ತುವ ಬಕೆಟ್ಟು. ಉಂಟು. ಜಾಕೆಟ್ಟು ಮೂರು. ಉಂಟು. ಹಮೀದಾಕ ಐದು ಹೊತ್ತಿನ ನಮಾಜಿನವರು, ಅವರಿಗೂ ಈ ಧಾಟಿ ಹಿಡಿದಿತ್ತು. ಇನ್ನೆರಡು ವರ್ಷ ಕಳೆದರೆ ಪೊರ್ಬುಗಳು ನನ್ನಿಂದ ಆಮೆನ್ ಹೇಳಿಸದೆ ಬಿಡುವುದಿಲ್ಲ ಎಂದು ಅವರು ತಮಾಷೆ ಮಾಡುತ್ತಿದ್ದರು.

ನನಗೆ ಒಂಬತ್ತು ತುಂಬಿದಾಗ ಪಟ್ಟಿಯಲ್ಲಿ ಮೂರು ಸಾಮಾನು ನನ್ನ ಪಾಲಿಗೆ ಬಂದವು: ಸೀಟಿ, ಕುಡಿಯುವ ನೀರು, ಬೂಚು. ದೋಣಿಯ ಹಿಂಬದಿಯಲ್ಲಿ, ಎಂಜಿನ್ನಿನ ಕೆಳಗೆ, ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ಇರುತ್ತದೆ. ದಡದಲ್ಲಿ ತೊಳೆದಾಗ ಒಳಗಿನ ನೀರು ಹರಿದುಹೋಗಲಿಕ್ಕೆ ಅದು. ನೀರಿಗೆ ಇಳಿಸುವ ಮೊದಲು ಅದಕ್ಕೆ ರಬ್ಬರಿನ ಬೂಚು ಹಾಕಿ, ಹಿತ್ತಾಳೆಯ ಹಿಡಿಯನ್ನು ಮಡಚಿ ಬಿಗಿ ಮಾಡಬೇಕು. ಕೆಳಗೆ ತೂರಿಸಲಿಕ್ಕೆ ನನ್ನ ಕೈ ಸಣ್ಣದಾಗಿತ್ತು, ಅದಕ್ಕೇ ಆ ಕೆಲಸ ನನಗೆ. ವಾಪಸ್ಸು ಬಂದ ಮೇಲೆ ಬೂಚನ್ನು ಬಿಚ್ಚಿ, ಗಾಳ, ಇಕ್ಕಳಗಳ ಜೊತೆ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಮನೆಗೆ ತರುತ್ತಿದ್ದೆವು. ಶುಕ್ರವಾರ ಸಂಜೆ ಪಪ್ಪಾ ಎಲ್ಲವನ್ನೂ ಬಾತ್‌ಟಬ್ಬಿನಲ್ಲಿ ಸಿಹಿನೀರಿನಿಂದ ತೊಳೆದು ಹಳೆಯ ಬನಿಯನ್ನಿನಿಂದ ಒರೆಸಿ ಇಡುತ್ತಿದ್ದರು. ಹೀಗೆ ದೋಣಿಯ ಬೂಚು ವಾರದಲ್ಲಿ ಆರು ದಿನ ನಮ್ಮ ಬಚ್ಚಲಿನ ಕಪಾಟಿನಲ್ಲಿ, ಟೂತ್‌ಪೇಸ್ಟಿನ ಪಕ್ಕದ ಡಬ್ಬದಲ್ಲಿರುತ್ತಿತ್ತು.

ಗುರುವಾರ ಸಂಜೆ ಹಮೀದಾಕ ಒಂದು ದೊಡ್ಡ ಐಸಿನ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತರುತ್ತಿದ್ದರು. ಅದು ಬೆಳಗಿನವರೆಗೆ ಬಾತ್‌ಟಬ್ಬಿನಲ್ಲಿ ಮಲಗುತ್ತಿತ್ತು. ಮಮ್ಮಿ ಅದಕ್ಕೆ ನಮ್ಮ ನೆಂಟರು ಎನ್ನುತ್ತಿದ್ದರು. ನೆಂಟರು ಬಂದರು, ಬೇಗ ಬೇಗ ಸ್ನಾನ ಮಾಡಿಕೊಳ್ಳಿ ಎನ್ನುತ್ತಿದ್ದರು. ಗಡ್ಡೆ ಕರಗಿದ ನೀರು ಟಬ್ಬಿನ ತೂತಿನಿಂದ ಸಣ್ಣಗೆ ಗುಳುಗುಳು ಎನ್ನುತ್ತ ಹರಿದುಹೋಗುವುದು ಹಾಲಿನಲ್ಲಿ ಮಲಗಿದ ನನಗೆ ಕೇಳುತ್ತಿತ್ತು. ಅಷ್ಟು ತಣ್ಣನೆಯ ನೀರು ದಂಡವಾಗುತ್ತದಲ್ಲ ಎಂಬ ಸಂಕಟ ನನಗೆ. ಅದು ಆಗಸ್ಟ್ ಇದ್ದಿರಬೇಕು, ಶಾಲೆಗೆ ರಜೆ ಇತ್ತು. ಆ ಗುರುವಾರ ತೇರ್ಸಿಗೆ ಮೊದಲು ನಾನು ಬಚ್ಚಲಿಗೆ ಹೋಗಿ, ಡಬ್ಬದಿಂದ ದೋಣಿಯ ಬೂಚು ತೆಗೆದು, ಪ್ಲಾಸ್ಟಿಕ್ ಚೀಲದ ಒಂದು ತುಂಡು ಸುತ್ತಿ ಟಬ್ಬಿನ ತೂತಿಗೆ ಒತ್ತಿದೆ. ಸರಿಯಾಗಿ ಕೂತಿತು. ಬೆಳಿಗ್ಗೆ ಎದ್ದು ಎರಡು ಚೊಂಬು ತಣ್ಣೀರು ಹೊಯ್ದುಕೊಂಡು, ಬೂಚನ್ನು ವಾಪಸ್ಸು ಡಬ್ಬಕ್ಕೆ ಹಾಕಿ ಹೊರಡುವುದು ನನ್ನ ಲೆಕ್ಕ.

ಬೆಳಿಗ್ಗೆ ನನಗೆ ಎಚ್ಚರವೇ ಆಗಲಿಲ್ಲ. ಪಪ್ಪಾ ಆಗಲೇ ಕೆಳಗೆ ಗಾಡಿಗೆ ಸಾಮಾನು ತುಂಬುತ್ತಿದ್ದರು. ಗಡ್ಡೆ ಎತ್ತಲು ಮೇಲೆ ಬಂದ ಹಮೀದಾಕ, ಬಾತ್‌ಟಬ್ಬಿನಲ್ಲಿ ನೀರು ನಿಂತಿದೆ, ಗೋಣಿ ತೂತಿಗೆ ಅಡ್ಡ ಬಂದಿರಬೇಕು ಎಂದು ಮಮ್ಮಿಗೆ ಹೇಳಿ, ಗಡ್ಡೆ ಹೊತ್ತು ಇಳಿದರು. ಡಬ್ಬವನ್ನೂ ಅವರೇ ತಂದರು. ನನ್ನನ್ನು ಅರೆನಿದ್ದೆಯಲ್ಲಿ ಗಾಡಿಯಲ್ಲಿ ಕೂರಿಸಿದರು. ಜುಮೇರಾದ ಬಂದರಿನಲ್ಲಿ ಕಣ್ಣು ಬಿಟ್ಟಾಗ ದೋಣಿ ಇಳಿಜಾರಿನ ಮೇಲೆ, ನೀರಿಗೆ ಬೆನ್ನು ಮಾಡಿ ನಿಂತಿತ್ತು. ಪಪ್ಪಾ ಪಟ್ಟಿ ಶುರುಮಾಡಿಯಾಗಿತ್ತು. ಸೀಟಿ ಎಂದರು, ಅದು ನನ್ನ ಕೊರಳಲ್ಲಿತ್ತು, ಉಂಟು ಎಂದೆ. ಕುಡಿಯುವ ನೀರು ಎಂದರು, ಪೆಟ್ಟಿಗೆ ಎದುರಿಗೇ ಇತ್ತು, ಉಂಟು ಎಂದೆ. ಬೂಚು ಎಂದರು. ಉಂಟು ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ, ನಿಜ ಹೇಳುತ್ತಿದ್ದೇನೆ ಎಂದೂ ಗೊತ್ತಿರಲಿಲ್ಲ. ಆ ಕ್ಷಣವನ್ನು ಎಷ್ಟೋ ಸಲ ಹಿಂತಿರುಗಿ ನೋಡಿದ್ದೇನೆ. ಬೂಚು ಎಂಬ ವಸ್ತು ಆಗ ನನ್ನ ತಲೆಗೆ ಬರಲೇ ಇಲ್ಲ. ಕರೆ ಬಂತು, ಬಾಯಿ ಉತ್ತರ ಕೊಟ್ಟಿತು.

ದೋಣಿ ವೇಗವಾಗಿ ಹೋಗುವಾಗ ಆ ತೂತಿನಿಂದ ನೀರು ಒಳಗೆ ಬರುವುದಿಲ್ಲ, ಒಳಗಿದ್ದರೂ ಹಿಂದಕ್ಕೆ ಎಳೆದುಕೊಂಡು ಹೊರಗೆ ಹೋಗುತ್ತದೆ. ಇದನ್ನು ಪಪ್ಪಾ ಗಿರಾಕಿಗಳಿಗೆ ಹೇಳುವುದನ್ನು ನಾನು ಕೇಳಿದ್ದೆ. ಆದ್ದರಿಂದ ಅರ್ಧ ಗಂಟೆ ನಮಗೆ ಏನೂ ತಿಳಿಯಲಿಲ್ಲ. ಸಮುದ್ರ ಎಣ್ಣೆಯ ಹಾಗೆ ನಿಶ್ಚಲವಾಗಿತ್ತು. ಹಮೀದಾಕ ಮಮ್ಮಿ ಕಟ್ಟಿಕೊಟ್ಟ ಇಡ್ಲಿಯಂಥ ಸಾನ್ನಣ ಬಿಚ್ಚಿ ನನಗೊಂದು ಕೊಟ್ಟರು. ಶೇರಿ ಮೀನು ಸಿಗುವ ಜಾಗ ಬಂದಾಗ ಪಪ್ಪಾ ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟರು. ಗಾಳಕ್ಕೆ ಸಿಗಡಿ ಸಿಕ್ಕಿಸಿದರು. ಎಷ್ಟು ಹೊತ್ತಾಯಿತೋ ಖಚಿತವಾಗಿ ಹೇಳಲಾರೆ. ಎರಡು ಶೇರಿ ಸಿಕ್ಕಿದ್ದವು ಎಂಬುದು ಮಾತ್ರ ಖಚಿತ. ಆಗ ಐಸಿನ ಪೆಟ್ಟಿಗೆ ಯಾರೂ ಮುಟ್ಟದೆ ತಾನಾಗಿ ಒಂದು ಗೇಣು ಜರುಗಿ ಹಮೀದಾಕನ ಕಾಲಿಗೆ ತಾಗಿತು. ಹಿಂಬದಿಯ ಹಲಗೆಗಳ ಮೇಲೆ ನೀರು ಬಂದಿತ್ತು, ನನ್ನ ಒಂದು ಚಪ್ಪಲಿ ಅದರಲ್ಲಿ ತೇಲುತ್ತಿತ್ತು. ಪಪ್ಪಾ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ಬೂಚು?”

“ಉಂಟು,” ಎಂದೆ.

ಎರಡನೆಯ ಸಲವೂ ಹಾಗೆಯೇ ಎಂದೆ. ಎಂದ ಮೇಲೆ ನನಗೆ ನಮ್ಮ ಹಸಿರು ಟಬ್ಬು ಕಣ್ಣಿಗೆ ಕಟ್ಟಿತು, ಅದರ ತಳದಲ್ಲಿ ಹಿತ್ತಾಳೆಯ ಹಿಡಿ ಕೂಡ.

ಪಪ್ಪಾ ಭುಜದವರೆಗೆ ಕೈ ನೀರಿಗೆ ಹಾಕಿ ತೂತನ್ನು ಒಳಗಿನಿಂದ ಮುಟ್ಟಿ ನೋಡಿದರು. ಅವರ ಮುಖ ಬೆಳ್ಳಗಾಯಿತು. ದನಿ ಮಾತ್ರ ಅಂಗಡಿಯ ದನಿಯೇ. ಹಮೀದ್, ನೀರೆತ್ತು ಎಂದರು. ಅವರು ಹೆಸರು ಹಿಡಿದು ಕರೆದರೆಂದು ನಾನು ಹೇಳಿದ ಆ ಒಂದು ಸಲ ಇದು. ಲಾರೆನ್ಸ್, ನೀನು ತೂತು ನೋಡು ಎಂದು ಹಮೀದಾಕ ಬಕೆಟ್ಟು ಎತ್ತಿಕೊಂಡರು. ಪಪ್ಪಾ ಪೆಟ್ಟಿಗೆ ತೆರೆದು, ಬಾಟಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿಯಾಗಿದ್ದ ಒಂದು ಸಣ್ಣ ನೀರಿನ ಬಾಟಲಿಯನ್ನು ಆರಿಸಿದರು. ತನ್ನ ಅಂಗಿಯ ತೋಳನ್ನು ಹರಿದು ಅದರ ಕುತ್ತಿಗೆಗೆ ಸುತ್ತಿದರು. ಮುಚ್ಚಳದ ಕಡೆಯನ್ನು ತೂತಿಗೆ ಇಟ್ಟು, ಇನ್ನೊಂದು ಬಾಟಲಿಯಿಂದಲೇ ಸುತ್ತಿಗೆಯ ಹಾಗೆ ಹೊಡೆದರು. ಐಸು ಗಟ್ಟಿಯಿರುವವರೆಗೆ ಮಾತ್ರ ಅದು ಬೂಚು; ಕರಗಿದರೆ ಬರೀ ಪ್ಲಾಸ್ಟಿಕ್ಕು. ಅದು ನನಗೂ ಅರ್ಥವಾಗಿತ್ತು. ಹಮೀದಾಕ ಎಣಿಸುತ್ತ ನೀರು ಎತ್ತಿದರು, ನಾನು ಚಹಾದ ಫ್ಲಾಸ್ಕಿನ ಮುಚ್ಚಳದಲ್ಲಿ ಎತ್ತಿದೆ. ಹಲಗೆ ಕಾಣಿಸಿದ ಮೇಲೆ ಪಪ್ಪಾ ಲಂಗರು ಎಳೆದು ಎಂಜಿನ್ ಹಚ್ಚಿದರು. ಮೊದಲನೆಯ ಸಲ ಹತ್ತಲಿಲ್ಲ. ಎರಡನೆಯ ಸಲ ಹತ್ತಿತು. ದೋಣಿ ಮೂತಿ ಎತ್ತಿ ಓಡತೊಡಗಿದ ಮೇಲೆ ಬಾಟಲಿಯನ್ನು ಕಿತ್ತರು, ಉಳಿದ ನೀರೆಲ್ಲ ಆ ತೂತಿನಿಂದಲೇ ಹಿಂದಕ್ಕೆ ಹರಿದುಹೋಯಿತು. ಬಂದರು ಕಾಣಿಸಿತು. ಆಮೇಲೆ ಹಮೀದಾಕ, ಐಸು ಮೀನನ್ನು ಉಳಿಸುತ್ತದೆ ಅಂತ ಪೊರ್ಬುಗಳು ಹೇಳಿದ್ದರು, ಬ್ಯಾರಿಯನ್ನೂ ಉಳಿಸುತ್ತದೆ ಅಂತ ಹೇಳಿರಲಿಲ್ಲ ಎಂದರು. ಪಪ್ಪಾ ನಗಲಿಲ್ಲ. ಅವರ ಬರಿಯ ಒಂದು ತೋಳು ಉಪ್ಪುನೀರು ಆರಿ ಬಿಳಿಗಟ್ಟಿತ್ತು. ಸುಮಾರು ದಿನ ನಾನು ಕಣ್ಣು ಮುಚ್ಚಿದಾಗ ಕಾಣುತ್ತಿದ್ದದ್ದು ಆ ತೋಳು.

ಮಮ್ಮಿ ಮೆಟ್ಟಿಲ ಮೇಲೆ ಕೂತಿದ್ದರು, ಮೂರನೆಯ ಮಹಡಿಯಲ್ಲಲ್ಲ, ಕೆಳಗೆ ಬೀದಿಬಾಗಿಲಿನ ಮೊದಲ ಮೆಟ್ಟಿಲಲ್ಲಿ. ನಾವು ಹೊರಟು ಗಂಟೆಯಾಗುವ ಮೊದಲೇ ಅವರು ಟಬ್ಬು ತೊಳೆಯಲು ಹೋಗಿ ಬೂಚನ್ನು ನೋಡಿದ್ದರು. ಆಗ ಮೊಬೈಲು ಇರಲಿಲ್ಲ. ಬಂದರಿನ ಫೋನ್ ನಂಬರು ಗೊತ್ತಿರಲಿಲ್ಲ. ಹಮೀದಾಕನ ಅಂಗಡಿಗೆ ಓಡಿದರೆ ಅವರೂ ದೋಣಿಯಲ್ಲೇ. ಮೂರು ಗಂಟೆಯಷ್ಟು ಹೊತ್ತು ಅವರು ಆ ಮೆಟ್ಟಿಲಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಮುಷ್ಟಿ ಬಿಚ್ಚಿದರು. ಬೂಚಿನ ಹಿತ್ತಾಳೆಯ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಅತ್ತದ್ದು ಮನೆಯೊಳಗೆ ಬಂದ ಮೇಲೆ. ಜಗಳವೂ ಆಮೇಲೆ ಶುರುವಾಯಿತು; ಕೊಂಕಣಿಯಲ್ಲಿ ನಡೆದ ಅದರಲ್ಲಿ ನನಗೆ ಮರೆಯದ ಮಾತುಗಳನ್ನಷ್ಟೇ ಕನ್ನಡಕ್ಕೆ ತಂದಿದ್ದೇನೆ. ಬಚ್ಚಲಿನ ಬೂಚಿನ ಕತೆಯನ್ನು ನಾನೇ ಹೇಳಿದೆ, ತಣ್ಣೀರಿನ ಆಸೆಯನ್ನೂ ಹೇಳಿದೆ. ಅದಕ್ಕೆ ಇಬ್ಬರೂ ಬೈಯಲಿಲ್ಲ. ಎರಡು ಸಲ ಉಂಟು ಎಂದದ್ದನ್ನು ಹೇಳಿದಾಗ ಮಮ್ಮಿ ಕಣ್ಣೊರೆಸಿಕೊಂಡು ಪಪ್ಪಾನ ಕಡೆ ತಿರುಗಿದರು.

“ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವ ಮೊದಲು ನಾನು ಬಾಟಲಿ ಕೈಯಲ್ಲಿ ಹಿಡಿದು ಇನ್ನೊಬ್ಬಳಿಗೆ ತೋರಿಸ್ತೇನೆ. ಅವಳು ಓದ್ತಾಳೆ. ಬಾಯಲ್ಲಿ ಕೇಳಿ ಬಾಯಲ್ಲಿ ಹೇಳೋದಲ್ಲ. ನೀವು ದೋಣಿಯಲ್ಲಿ ತೇರ್ಸ್ ಮಾಡಿದ್ದೀರಿ.”

“ಮಗಳು ನೋಡದೆ ಹೇಳಿದಳು. ನಾನು ನೋಡದೆ ಕೇಳಿದೆ,” ಎಂದರು ಪಪ್ಪಾ. “ದೊಡ್ಡವ ನಾನು.”

“ಅವಳು ಇನ್ನು ದೋಣಿ ಹತ್ತುವುದಿಲ್ಲ,” ಎಂದರು ಮಮ್ಮಿ.

ಮರುದಿನ ಪಪ್ಪಾ ಕೀಲಿ ತೆಗೆದುಕೊಂಡು ಅರ್ಬಾಬರ ಮನೆಗೆ ಹೋದರು. ಯಾರೂ ನೋಡಿರಲಿಲ್ಲ, ದೋಣಿಗೆ ಒಂದು ಗೀರೂ ಬಿದ್ದಿರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು. ಹಮೀದಾಕ ಹಾಗೆಂದೇ ಹೇಳಿದ್ದರು. ಪಪ್ಪಾ ನನ್ನನ್ನೂ ಕರೆದುಕೊಂಡು ಹೋದರು, ಯಾಕೆಂದು ಹೇಳಲಿಲ್ಲ. ಅರ್ಬಾಬರು ಅಂಗಳದಲ್ಲಿ ದೋಣಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಪ್ಪಾ ನಿಂತುಕೊಂಡು ತಮಗೆ ಬರುವ ಅರಬ್ಬಿ, ಹಿಂದಿ ಬೆರೆಸಿ ಎಲ್ಲವನ್ನೂ ಹೇಳಿದರು. ಬೂಚು ಮರೆತದ್ದು ತಾನೇ ಎಂದು ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ ನನಗೆ ಅಷ್ಟು ತಿಳಿಯಿತು. ಆಗ ನಾಲಿಗೆಗೆ ಬಂದ ಒಂದೇ ಒಂದು ಶಬ್ದವನ್ನು ನಾನು ಹೇಳಿದೆ.

“ಅನಾ.” ನಾನು.

ಅರ್ಬಾಬರು ನನ್ನನ್ನು ನೋಡಿದರು, ಪಪ್ಪಾನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ದೋಣಿ ಇದ್ದವರೆಲ್ಲ ಒಂದು ಸಲ ಬೂಚು ಮರೆಯುತ್ತಾರೆ ಎಂದರು. ತೋರುಬೆರಳು ಎತ್ತಿ, ಒಂದು ಸಲ ಎಂದರು. ಆದರೂ ಕೀಲಿಯನ್ನು ಇಸಿದುಕೊಂಡು ತಮ್ಮ ಉದ್ದನೆಯ ನಿಲುವಂಗಿ ಕಂದೂರದ ಜೇಬಿಗೆ ಹಾಕಿಕೊಂಡರು. ನಮಗೆ ಖರ್ಜೂರ ಕೊಟ್ಟು ಕಳಿಸಿದರು. ದಾರಿಯಲ್ಲಿ ಪಪ್ಪಾ ಖರ್ಜೂರದ ಬೀಜವನ್ನು ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು.

ಆಮೇಲಿನ ಶುಕ್ರವಾರಗಳು ನಮ್ಮ ಮನೆಗೆ ಹೊಸವು. ಪಪ್ಪಾ ಅಭ್ಯಾಸಬಲದಿಂದ ನಸುಕಿನಲ್ಲೇ ಏಳುತ್ತಿದ್ದರು. ಚಹಾ ಮಾಡುತ್ತಿದ್ದರು. ಕಪಾಟಿನ ತಿರುಪುಗಳನ್ನು ಬಿಗಿ ಮಾಡುತ್ತಿದ್ದರು. ನಮ್ಮನ್ನು ಪಾರ್ಕಿಗೆ ಕರೆದೊಯ್ದು ಬೆಂಚಿನ ಮೇಲೆ ಕೂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು. ಫ್ರಿಜ್ಜಿನ ಮೇಲಿನ ಖಾನೆ ಪೂರ್ತಿ ಮಮ್ಮಿಯದಾಯಿತು. ತೆಂಗಿನತುರಿಯ ಡಬ್ಬ, ಮಸಾಲೆ, ಒಣಸಿಗಡಿ ಎಲ್ಲವೂ ಹರಡಿಕೊಂಡು ಕೂತವು. ಸಾರು ಒಳ್ಳೆಯದಾಗಿರುತ್ತಿತ್ತು, ಅದನ್ನು ಯಾರೂ ಹೇಳುತ್ತಿರಲಿಲ್ಲ. ಉಂಟು ಎಂಬ ಶಬ್ದ ನಮ್ಮ ಮನೆಯಿಂದ ಹೊರಟುಹೋಯಿತು. ಯಾರೂ ಬೇಡ ಎಂದಿರಲಿಲ್ಲ. ಉಪ್ಪು ಇದೆಯಾ ಎಂದು ಮಮ್ಮಿ ಕೇಳಿದರೆ ನಾನು ಡಬ್ಬವನ್ನೇ ತೆಗೆದುಕೊಂಡು ಹೋಗಿ ಅವರ ಮುಂದೆ ಇಡುತ್ತಿದ್ದೆ. ಬಾಗಿಲು ಹಾಕಿದ್ದೀಯಾ ಎಂದರೆ ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಿದ್ದೆ. ತೇರ್ಸಿನಲ್ಲಿಯೂ ಉತ್ತರ ಕೊಡುವ ಮೊದಲು ಒಂದು ಕ್ಷಣ ತಡೆಯುತ್ತಿದ್ದೆ. ಅದರಿಂದ ಪ್ರಾರ್ಥನೆ ಉದ್ದವಾಗಿ ಸಾರು ಆರುತ್ತಿತ್ತು. ಹಮೀದಾಕ ಅಂಗಡಿಯಿಂದ ಖಾಲಿ ಬಾಟಲಿಗಳನ್ನು ಮೊದಲಿನಂತೆಯೇ ಮೇಲೆ ಕಳಿಸುತ್ತಿದ್ದರು. ಯಾಕೆ ಕಳಿಸುತ್ತೀರಿ ಎಂದು ಮಮ್ಮಿ ಕೇಳಿದ್ದಕ್ಕೆ, ಬಾಟಲಿಗಳಿಗೆ ದಾರಿ ಗೊತ್ತುಂಟಲ್ಲ, ಅವೇ ಬರ್ತವೆ ಎಂದರಂತೆ.

ಐದನೆಯದೋ ಆರನೆಯದೋ ವಾರ. ಬುಧವಾರ ಶಾಲೆಯಿಂದ ಬಂದು ತಣ್ಣೀರಿಗಾಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಖಾನೆಯಲ್ಲಿ ಬಾಟಲಿಗಳು ಒಂದರ ಪಕ್ಕ ಒಂದು ಮಲಗಿದ್ದವು. ತೆಂಗಿನತುರಿಯ ಡಬ್ಬ ಕೆಳಗಿನ ಖಾನೆಯಲ್ಲಿತ್ತು. ಪಪ್ಪಾ ಇಟ್ಟಿರಬೇಕೆಂದುಕೊಂಡು ಒಂದನ್ನು ಎತ್ತಿ ನೋಡಿದೆ. ಪಪ್ಪಾ ಕುತ್ತಿಗೆಗಿಂತ ಎರಡು ಬೆರಳು ಕೆಳಗೆ ನಿಲ್ಲಿಸುತ್ತಿದ್ದರು. ಇದರಲ್ಲಿ ನೀರು ಗಂಟಲವರೆಗೆ ತುಂಬಿ, ಹೆಪ್ಪುಗಟ್ಟಿದಾಗ ಉಬ್ಬಿ, ಮುಚ್ಚಳ ಒಂದು ಕಡೆ ಸೀಳಿತ್ತು. ಇಷ್ಟು ವರ್ಷ ಆ ಬಾಟಲಿಗಳನ್ನು ಬೈದುಕೊಂಡೇ ಬಂದಿದ್ದ ಮಮ್ಮಿಗೆ ಎಷ್ಟು ತುಂಬಬೇಕೆಂದು ಗೊತ್ತಿರಲಿಲ್ಲ. ನಾನು ಸದ್ದಿಲ್ಲದೆ ಬಾಗಿಲು ಮುಚ್ಚಿದೆ. ಆ ಸಂಜೆ ಪಪ್ಪಾ ಫ್ರಿಜ್ಜು ತೆರೆದರು. ತುಂಬ ಹೊತ್ತು ತೆರೆದೇ ನಿಂತರು. ಕರೆಂಟು ಹಾಳು, ಬಾಗಿಲು ಹಾಕಿ ಎಂದು ಮಮ್ಮಿ ಒಳಗಿನಿಂದ ಹೇಳಿದರು. ಗುರುವಾರ ಪಪ್ಪಾ ಕೆಲಸ ಮುಗಿಸಿ ಬಂದಾಗ ಅಲ್ತಾರಿನ ಮೇಲೆ ಕೀಲಿ ಇಟ್ಟರು. ಅರ್ಬಾಬರು ತಾವಾಗಿ ಕೊಟ್ಟರೋ ಇವರು ಹೋಗಿ ಕೇಳಿದರೋ ನನಗೆ ಇವತ್ತಿಗೂ ತಿಳಿಯದು.

ಶುಕ್ರವಾರ ಬೆಳಿಗ್ಗೆ ನಾನು ಮಲಗಿದಲ್ಲೇ ಕಣ್ಣು ತೆರೆದು ಬಿದ್ದುಕೊಂಡಿದ್ದೆ. ನನಗೆ ಅನುಮತಿ ಇಲ್ಲ ಎಂಬುದು ಗೊತ್ತಿತ್ತು. ಮಮ್ಮಿ ಬಂದು ಹಾಸಿಗೆಯ ಪಕ್ಕ ನಿಂತು, ಎದ್ದಿದ್ದೀಯಲ್ಲ, ಮುಖ ತೊಳೆ ಎಂದರು. ಬಾಗಿಲಿನ ಹತ್ತಿರ ಪಪ್ಪಾ, ಹಮೀದಾಕ ಸಾಮಾನು ಹಿಡಿದು ನಿಂತಿದ್ದರು. ಮಮ್ಮಿ ದಾರಿಗೆ ಅಡ್ಡ ನಿಂತು ನನ್ನ ಮುಂದೆ ಅಂಗೈ ಚಾಚಿದರು.

“ಬೂಚು?”

ಬಾಯಿ ತೆರೆಯಲಿಲ್ಲ. ಡಬ್ಬ ಬಿಚ್ಚಿ ಬೂಚು ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಹಿಡಿಯನ್ನು ಒಮ್ಮೆ ಮಡಚಿ ಬಿಚ್ಚಿ, ನನಗೆ ವಾಪಸ್ಸು ಕೊಟ್ಟರು. ಇನ್ನು ದೋಣಿಯ ಹತ್ತಿರವೂ ಹೀಗೆಯೇ, ಬಾಯಲ್ಲಿ ಬೇಡ ಎಂದು ಗಂಡಸರಿಬ್ಬರಿಗೆ ಹೇಳಿ ದಾರಿ ಬಿಟ್ಟರು. ಲಂಗರನ್ನೂ ಪೊರ್ಬುಗಳ ಅಂಗೈ ಮೇಲೆ ಇಡಬೇಕಾ ಎಂದು ಹಮೀದಾಕ ಕೇಳಿದರು. ಇಡಿ, ಅವರಿಗೂ ಭಾರ ಗೊತ್ತಾಗಲಿ ಎಂದರು ಮಮ್ಮಿ. ಅಂದಿನಿಂದ ನಾನು ಮದುವೆಯಾಗುವವರೆಗೂ ನಮ್ಮ ದೋಣಿಯ ಪಟ್ಟಿ ಮೂಕವಾಗಿ ನಡೆಯಿತು. ಪಪ್ಪಾ ಹೆಸರು ಕೂಗುತ್ತಿದ್ದರು, ನಾವು ಮುಟ್ಟಿಸುತ್ತಿದ್ದೆವು.

ಈಗ ಪಪ್ಪಾ, ಮಮ್ಮಿ ಅಲ್ ಬರ್ಷಾದಲ್ಲಿ ನನ್ನ ಜೊತೆಯಲ್ಲೇ ಇದ್ದಾರೆ. ಇಲ್ಲಿಯ ಫ್ರಿಜ್ಜು ಎರಡು ಬಾಗಿಲಿನದು, ಗುಂಡಿ ಒತ್ತಿದರೆ ಐಸು ಬೀಳುತ್ತದೆ, ಅದರ ಮೇಲೆ ಜಗಳ ಮಾಡಲಿಕ್ಕೆ ಏನೂ ಇಲ್ಲ. ಕಳೆದ ಚಳಿಗಾಲದಲ್ಲಿ ಪಪ್ಪಾನ ಹುಟ್ಟುಹಬ್ಬಕ್ಕೆ ಅಬುಧಾಬಿಯಲ್ಲಿ ಒಂದು ದೋಣಿ ಬಾಡಿಗೆಗೆ ಹಿಡಿದೆವು. ಮೀನು ತೋರಿಸುವ ಪರದೆ, ದಾರಿ ಹೇಳುವ ಯಂತ್ರ, ಮೆತ್ತನೆಯ ಸೀಟು, ತುಂಬಿಟ್ಟ ಐಸು, ಎಲ್ಲವೂ ಸಿದ್ಧ. ಮಮ್ಮಿ ಇವತ್ತಿಗೂ ದೋಣಿ ಹತ್ತುವುದಿಲ್ಲ, ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಮಗಳು ಐಸಿನ ಪೆಟ್ಟಿಗೆಯ ಮೇಲೆ ಕೂತು ಫೋನು ನೋಡುತ್ತಿದ್ದಳು. ಹಗ್ಗ ಬಿಚ್ಚುವ ಮೊದಲು ಪಪ್ಪಾ ಅಭ್ಯಾಸದಂತೆ ಪಟ್ಟಿ ಶುರುಮಾಡಿದರು. ಕೇರಳದ ಯುವ ಕ್ಯಾಪ್ಟನ್ನು ನಗುನಗುತ್ತ ಒಂದೊಂದನ್ನೇ ಎತ್ತಿ ತೋರಿಸಿದ. ಬೂಚು ಎಂದಾಗ ಅವನಿಗೆ ತಿಳಿಯಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ.

“ಓಕೆ ಹೈ ಮೇಡಂ. ಬೋಟ್ ಪಾನಿ ಮೇ ಹೈ, ಅಭೀ ಕೈಸೇ ದಿಖಾವೂಂ?” ದೋಣಿ ಆಗಲೇ ನೀರಿನಲ್ಲಿರುವಾಗ ಹೇಗೆ ತೋರಿಸಲಿ ಎಂದು ಅವನ ಪ್ರಶ್ನೆ.

“It's there, Grandpa, let's just go,” ಎಂದಳು ಮಗಳು, ತಲೆ ಎತ್ತದೆ.

ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದ ಮಮ್ಮಿ ಮುಂದಕ್ಕೆ ಬಾಗಿ ಅಂಗೈ ಚಾಚಿದ್ದರು. ನಾನು ಹಿಂಬದಿಯ ಮೆಟ್ಟಿಲಿಗೆ ಹೋಗಿ ಮಂಡಿಯೂರಿದೆ. ಎಂಜಿನ್ನಿನ ಕೆಳಗೆ ಕೈ ತೂರಿಸಿದೆ. ಈಗ ನನ್ನ ಕೈ ಅಲ್ಲಿಗೆ ದೊಡ್ಡದು, ಭುಜ ಒತ್ತಿ, ಕೆನ್ನೆ ಫೈಬರಿಗೆ ತಾಗಿಸಿ ತಡಕಬೇಕಾಯಿತು. ನೀರು ತಣ್ಣಗಿತ್ತು. ಬೆರಳಿಗೆ ಈ ದೋಣಿಯ ಬೂಚಿನ ತಿರುಪುತಲೆ ಸಿಕ್ಕಿತು. ತಿರುಗಿಸಿ ನೋಡಿದೆ, ಅಲುಗಲಿಲ್ಲ. ಇನ್ನೊಂದು ಸಲ ತಿರುಗಿಸಿ ನೋಡಿದೆ. ಎದ್ದು ನಿಂತಾಗ ನನ್ನ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಉಂಟು,” ಎಂದೆ.

ಮಮ್ಮಿ ನನ್ನ ಒದ್ದೆ ತೋಳನ್ನು ಭುಜದಿಂದ ಬೆರಳಿನವರೆಗೆ ನೋಡಿದರು. ಆಮೇಲೆ ಅಂಗೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಯಲ್ಲಾ, ಹೊರಡೋಣ,” ಎಂದರು ಪಪ್ಪಾ.